ತೊಂಬತ್ತೆರಡು ಸೆಕೆಂಡು

ಗುಂಡಿ ಹಲಗೆಯ ಮೂರನೆಯ ಗುಂಡಿ ಮತ್ತೆ ಸಡಿಲವಾಗಿತ್ತು. ಅವಳು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಗುರಿ ಹಿಡಿದಿದ್ದಳು. ದಾರ ಒಂದು ಸಲ ಎಡಕ್ಕೆ ಜಾರಿತು, ಇನ್ನೊಂದು ಸಲ ಬಲಕ್ಕೆ.

ಗುಂಡಿ ಹಲಗೆಯೆಂದರೆ ದೊಡ್ಡ ಯಂತ್ರವೇನಲ್ಲ. ಮರದ ತುಂಡೊಂದಕ್ಕೆ ಹಳೆಯ ಕೋಟಿನ ಎರಡು ಮುಂಭಾಗಗಳನ್ನು ಬಡಿದು ಮಾಡಿದ್ದು. ಐದು ಗುಂಡಿ, ಐದು ಕಾಜ. ಪಾರ್ಶ್ವವಾಯು ಹೊಡೆದವರು, ಕೈ ಮುರಿದುಕೊಂಡವರು ಆಸ್ಪತ್ರೆಯ ಆ ಕೋಣೆಯಲ್ಲಿ ಅದರ ಮುಂದೆ ಕೂತು ಗುಂಡಿ ಹಾಕುವುದನ್ನು ಹೊಸದಾಗಿ ಕಲಿಯುತ್ತಿದ್ದರು. ಅವಳ ಕೆಲಸಕ್ಕೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಮನೆಯಲ್ಲಿ ಜೊತೆಗಿದ್ದ ಚಿಕ್ಕಮ್ಮ ಮಾತ್ರ ನೆಂಟರಿಗೆಲ್ಲ, "ನಮ್ಮ ಹುಡುಗಿ ದೊಡ್ಡವರಿಗೆ ಅಂಗಿ ಹಾಕ್ಕೊಳ್ಳೋದು ಹೇಳ್ಕೊಡ್ತಾಳೆ" ಎಂದೇ ಹೇಳುತ್ತಿದ್ದಳು. ಅದೂ ಸುಳ್ಳಲ್ಲ.

"ದಾರ ಮಾತು ಕೇಳ್ತಾ ಇಲ್ವಾ ಮೇಡಂ? ಕೊಡಿ ಇಲ್ಲಿ."

ತಲೆ ಎತ್ತದೆಯೇ ಅವಳಿಗೆ ದನಿ ಗೊತ್ತಾಯಿತು. ಸೂಜಿ ಬೆರಳಿಗೆ ಚುಚ್ಚಿತು.

ಬಾಗಿಲಲ್ಲಿ ಗಡಿಯಾರದವನು ನಿಂತಿದ್ದ. ಪೇಟೆಬೀದಿಯ ತಿರುವಿನಲ್ಲಿ ಅವನದು ಗಡಿಯಾರ ರಿಪೇರಿ ಅಂಗಡಿ. ಎರಡು ವರ್ಷದ ಹಿಂದೆ ಗೋಡೆ ಗಡಿಯಾರವೊಂದರ ಗಾಜು ಕೈಯಲ್ಲೇ ಒಡೆದು, ಬಲಗೈಯ ಹೆಬ್ಬೆರಳು, ತೋರುಬೆರಳಿನ ಸ್ನಾಯುರಜ್ಜುಗಳು ಕತ್ತರಿಸಿಹೋಗಿದ್ದವು. ಹೊಲಿಗೆ ಹಾಕಿಸಿಕೊಂಡು ಇಲ್ಲಿಗೆ ಬಂದವನು, ಐದು ತಿಂಗಳು ಇದೇ ಕುರ್ಚಿಯಲ್ಲಿ ಕೂತಿದ್ದ.

ಅವನು ಸೂಜಿ ತೆಗೆದುಕೊಂಡ, ಬಲಗೈಯಲ್ಲೇ. ಹೆಬ್ಬೆರಳಿನ ಬುಡದ ಗಾಯದ ಗೆರೆ ಈಗ ಬಿಳಿ ದಾರದಷ್ಟೇ ಉಳಿದಿತ್ತು. ಕಣ್ಣು ಕಿರಿದು ಮಾಡಿ, ಉಸಿರು ಹಿಡಿದ. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು.

"ತಗೊಳ್ಳಿ. ಇದನ್ನೂ ತಗೊಳ್ಳಿ." ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ಮೇಜಿನ ಮೇಲಿಟ್ಟ. "ಆಯಾ ಕೈಲಿ ಕೊಟ್ಟು ಕಳಿಸಿದ್ರಲ್ಲ ಬ್ಯಾಟರಿ ಹಾಕೋಕೆ. ನೀವೇ ಬರಬಹುದಿತ್ತು. ನಮ್ಮ ಅಂಗಡಿ ಕಚ್ಚಲ್ಲ."

"ಕೆಲಸ ಇತ್ತು."

"ಆರು ತಿಂಗಳಿಂದಾನಾ?"

ಅವಳು ತಲೆ ತಗ್ಗಿಸಿ ಗುಂಡಿಗೆ ಹೊಲಿಗೆ ಹಾಕತೊಡಗಿದಳು.

"ಮುಂಚೆ ದಿನಾ ನಮ್ಮ ಅಂಗಡಿ ಮುಂದೇನೇ ಹೋಗ್ತಿದ್ರಿ. ಈಗ ಮಾರ್ಕೆಟ್ ಸುತ್ತಿ ಹೋಗ್ತೀರಿ. ಕಾಲು ಗಂಟೆ ಜಾಸ್ತಿ ಆಗತ್ತೆ. ಗಡಿಯಾರದವನಿಗೆ ಇದೆಲ್ಲ ಗೊತ್ತಾಗತ್ತೆ ಮೇಡಂ."

ಹೇಳಿ ನಕ್ಕ. ನಕ್ಕರೆ ಅವನ ಎಡಗಣ್ಣಿನ ಕೆಳಗೆ ಒಂದು ಸುತ್ತು ಗೆರೆ ಮೂಡುತ್ತಿತ್ತು. ಇಡೀ ದಿನ ಭೂತಗನ್ನಡಿ ಕಚ್ಚಿ ಹಿಡಿದ ಗುರುತು. ಆ ಗೆರೆಯನ್ನು ಅವಳು ಐದು ತಿಂಗಳು ಕದ್ದು ಕದ್ದು ನೋಡಿದ್ದಳು. ಈಗ ನೋಡಲಾರದೆ ಹಲ್ಲಿನಿಂದ ದಾರ ಕಡಿದಳು.

ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲಕ್ಕೆ ಹೋಯಿತು. ಅಲ್ಲಿ ಗಾಜು ಹಾಕಿಸಿದ ಒಂದು ಚೌಕಟ್ಟು. ಒಳಗೆ ಯಾವ ದೇವರೂ ಇಲ್ಲ, ಯಾವ ಹಿರಿಯರೂ ಇಲ್ಲ. ಒಂದು ಪತ್ರಿಕೆಯ ಪುಟ, ಪುಟದ ನಡುವೆ ಒಂದು ನಕ್ಷೆ.

"ಇದೇನು?"

"ನಮ್ಮ ಥೆರಪಿಯವರ ಪತ್ರಿಕೆ. ನನ್ನ ಲೇಖನ ಬಂತು. ದೊಡ್ಡ ಮೇಡಂ ಕಟ್ಟು ಹಾಕಿಸಿದ್ರು." ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು.

"ಅಯ್ಯೋ, ಹೇಳೋದಲ್ವಾ! ಯಾರ ಮೇಲೆ ಬರೆದಿದ್ದೀರಿ?"

"ನಿಮ್ಮ ಮೇಲೆ."

ಅವನು ಹತ್ತಿರ ಹೋದ. ಕೊರಳು ಚಾಚಿ ಓದಿದ. "ಮೂವತ್ತೇಳು ವರ್ಷದ ಪುರುಷ, ಕುಶಲಕರ್ಮಿ... ಇದು ನಾನಾ? ಹೆಸರಿಲ್ಲ, ಊರಿಲ್ಲ. ಬಿಡುಗಡೆ ದಿನ ಸಹಿ ಹಾಕಿಸ್ಕೊಂಡ್ರಲ್ಲ, ಆ ಕಾಗದ ಇದಕ್ಕಾ? ನಾನು ಓದಲೇ ಇಲ್ಲ. ನೀವು ಕೊಟ್ಟಿದ್ದು ಅಂತ ಹಾಕಿದೆ. ಈ ಗೆರೆ ಏನು ಮೇಡಂ?"

ಅವಳು ಹೇಳಲೇಬೇಕಾಯಿತು. ಎಡಗಡೆ ಮಟ್ಟಸವಾಗಿ ಹೋಗಿರುವುದು, ಎರಡು ತಿಂಗಳ ಬೆರಳಿನ ವ್ಯಾಯಾಮ ಮುಗಿದ ಮೇಲೆ ಹಳೆಯ ವಿಧಾನದಲ್ಲಿ ಗುಂಡಿ ಕಲಿಸಿದ ಆರು ವಾರ. ಐದು ಗುಂಡಿ ಹಾಕಲು ತೊಂಬತ್ತೆರಡು ಸೆಕೆಂಡು, ತೊಂಬತ್ತೊಂದು, ತೊಂಬತ್ತೆರಡು. ಆಮೇಲೆ ಅವಳು ಹೊಸ ವಿಧಾನ ಹಿಡಿದಳು. ಗುಂಡಿಯನ್ನು ತಾನೇ ಕಾಜದೊಳಗೆ ಮುಕ್ಕಾಲು ತೂರಿಸಿ, ಕೊನೆಯ ಎಳೆತವನ್ನಷ್ಟೇ ಅವನಿಗೆ ಬಿಡುವುದು. ಹೀಗೆ ಕೊನೆಯಿಂದ ಮೊದಲಿಗೆ ಕಲಿಸುತ್ತ ಬರುವುದು. ಅಲ್ಲಿಂದ ಗೆರೆ ಜಾರುಬಂಡೆಯ ಹಾಗೆ ಇಳಿದಿತ್ತು. ಎಪ್ಪತ್ತು, ಐವತ್ತೈದು, ನಲವತ್ತೊಂದು, ಮೂವತ್ತಮೂರು. ಲೇಖನವನ್ನು ತೂಗಿ ನೋಡಿದ ಪಂಡಿತರು, 'ಇಷ್ಟು ಸ್ಥಿರವಾದ ಆರಂಭದ ರೇಖೆ ಅಪರೂಪ' ಎಂದು ಹೊಗಳಿ ಬರೆದಿದ್ದರು.

ಅವನ ಮುಖದ ನಗು ಸ್ವಲ್ಪ ಸ್ವಲ್ಪವೇ ಆರಿತು.

"ಇದನ್ನ ಓದಿ ಬೇರೆ ಕಡೆಯೂ ಹೀಗೇ ಕಲಿಸ್ತಾರಾ?"

"ಕಲಿಸ್ತಿದ್ದಾರೆ."

ಅವನು ಬಂದು ಕುರ್ಚಿಯಲ್ಲಿ ಕೂತ. ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡ. "ವಾಚ್ ಒತ್ತಿ ಮೇಡಂ."

ಅಭ್ಯಾಸಬಲ, ಅವಳ ಹೆಬ್ಬೆರಳು ತಾನಾಗಿ ಒತ್ತಿತು. ಅವನ ಬೆರಳುಗಳು ಗುಂಡಿಯಿಂದ ಗುಂಡಿಗೆ ಇಳಿದವು. ಮೂವತ್ತೊಂದು ಸೆಕೆಂಡು.

"ಆ ಆರು ವಾರದಲ್ಲೂ ಇಷ್ಟೇ ಆಗ್ತಿತ್ತು" ಎಂದ, ಹಲಗೆಯನ್ನೇ ನೋಡುತ್ತ. "ಎರಡು ಮೂರು ಸೆಕೆಂಡು ಹೆಚ್ಚೋ ಏನೋ. ಹತ್ತೊಂಬತ್ತು ವರ್ಷ ಟಿಕ್‌ಟಿಕ್ ಮಧ್ಯೆ ಕೂತವನು ನಾನು. ನನಗೆ ಸೆಕೆಂಡು ಒಳಗೇ ಕೇಳಿಸತ್ತೆ. ತೊಂಬತ್ತು ಎಣಿಸಿ ಆಮೇಲೆ ಕೊನೆ ಗುಂಡಿ ಹಾಕ್ತಿದ್ದೆ."

"ಯಾಕೆ?"

ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. ಕೇಳಿಸಿಕೊಳ್ಳುವ ಆಸೆ.

ಅವನು ಬಾಗಿಲ ಪಕ್ಕದ ಬೋರ್ಡಿನ ಕಡೆ ಗಲ್ಲ ತಿರುಗಿಸಿದ. 'ನಲವತ್ತು ಸೆಕೆಂಡಿನೊಳಗೆ ಎರಡು ಸಲ ಮುಗಿಸಿದವರಿಗೆ ಬಿಡುಗಡೆ' ಎಂದು ಅವಳದೇ ಅಕ್ಷರದಲ್ಲಿ ಬರೆದಿತ್ತು.

"ನನಗೆ ಬಿಡುಗಡೆ ಬೇಕಿರಲಿಲ್ಲ."

ಹೊರಗೆ ಯಾರದೋ ಊರುಗೋಲು ಟಕ್ ಟಕ್ ಎನ್ನುತ್ತ ಕಾರಿಡಾರು ದಾಟಿತು.

"ಆಮೇಲೆ ಒಂದು ದಿನ ಹೊಸ ವಿಧಾನ ಅಂತ ತಂದ್ರಿ. ಆವತ್ತು ನಿಮ್ಮ ಮುಖ ನೋಡಬೇಕಿತ್ತು ನೀವು. ಆ ಮುಖಕ್ಕೆ ನಿರಾಸೆ ಮಾಡೋಕೆ ನನ್ನ ಕೈಲಿ ಆಗಲಿಲ್ಲ. ಬಿಡುಗಡೆ ಆದ್ರೆ ಆಗ್ಲಿ ಅಂತ ವಾರಕ್ಕಿಷ್ಟು ಇಳಿಸ್ತಾ ಬಂದೆ. ಇಷ್ಟು ದೂರ ಹೋಗತ್ತೆ ಅಂತ ಗೊತ್ತಿರಲಿಲ್ಲ. ನಿಮ್ಮ ಹೆಸರಿಗೆ ಮಸಿ ಬಳಿದುಬಿಟ್ಟೆ. ತಪ್ಪಾಯ್ತು ಮೇಡಂ. ನನ್ನ ಕ್ಷಮಿಸಿ."

ಅವಳು ಹೇಳಬಹುದಿತ್ತು. ಒಂದೇ ವಾಕ್ಯ. ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಪೇಷಂಟ್ ಬರೋ ಹೊತ್ತಾಯ್ತು. ಈಗ ಹೋಗಿ."

ಅವನು ತಲೆ ತಗ್ಗಿಸಿ ಹೋದ. ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ, ಸದ್ದಾಗದ ಹಾಗೆ ಬಾಗಿಲೆಳೆದುಕೊಂಡು.

ವಿಷಯ ಏನೆಂದರೆ, ಅವಳಿಗೆ ಮೊದಲೇ ಗೊತ್ತಿತ್ತು.

ಆ ಆರು ವಾರಗಳಲ್ಲಿ ನಾಲ್ಕನೆಯದು. ಒಂದು ಗುರುವಾರ ಸಂಜೆ ಅವನ ಅಂಗಡಿಯ ಮುಂದೆ ಹಾದುಹೋಗುವಾಗ ಗಾಜಿನಾಚೆ ಅವನು ಕಂಡಿದ್ದ. ಕಣ್ಣಿಗೆ ಭೂತಗನ್ನಡಿ, ಬಲಗೈಯಲ್ಲಿ ಚಿಮಟ. ಸಾಸಿವೆಗಿಂತ ಸಣ್ಣ ತಿರುಪನ್ನು ಎತ್ತಿ ಕೈಗಡಿಯಾರದ ಹೊಟ್ಟೆಯೊಳಗೆ ಕೂರಿಸುತ್ತಿದ್ದ. ಆ ತಿರುಪು ಎತ್ತುವ ಕೈಗೆ ಕೋಟಿನ ಗುಂಡಿ ಒಂದು ಲೆಕ್ಕವೇ? ಅವಳು ಎದುರಿನ ಔಷಧದ ಅಂಗಡಿಯ ಕಂಬದ ಮರೆಗೆ ಸರಿದು ನಿಂತಳು. ಎದೆ ಢವಢವ ಹೊಡೆದುಕೊಂಡಿತು. ಸಿಟ್ಟಿನಿಂದಲ್ಲ. ಅವನು ಯಾಕೆ ಹಾಗೆ ಮಾಡುತ್ತಿದ್ದಾನೆಂದು ಹೊಳೆದ ಸಂತೋಷದಿಂದ.

ಮರುದಿನ ಅವನು ನಿಧಾನವಾಗಿ, ತಡವರಿಸಿ, ಹಣೆ ಒರೆಸಿಕೊಂಡು ಗುಂಡಿ ಹಾಕಿದ. ಅವಳು ಪುಸ್ತಕದಲ್ಲಿ ಬರೆದುಕೊಂಡಳು: ತೊಂಬತ್ತೆರಡು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ.

ಲೇಖನ ಬರೆಯುವಾಗ ಮನಸ್ಸು ಸಾವಿರ ಸಮಾಧಾನ ಹೇಳಿತು. ವಿಧಾನ ಒಳ್ಳೆಯದೇ ಅಲ್ಲವೇ? ಯಾರಿಗೆ ನಷ್ಟ? ಅಚ್ಚಾಗಿ ಬಂದ ದಿನ ದೊಡ್ಡ ಮೇಡಂ ಎಲ್ಲರೆದುರು ತಬ್ಬಿಕೊಂಡರು. ಹೊಸದಾಗಿ ತೆರೆಯುವ ಕೈ ಚಿಕಿತ್ಸೆಯ ವಿಭಾಗಕ್ಕೆ ನೀನೇ ಮುಖ್ಯಸ್ಥೆ ಎಂದರು. ಆವತ್ತಿನಿಂದ ಅವಳು ಗಡಿಯಾರದ ಅಂಗಡಿಯ ಬೀದಿ ಬಿಟ್ಟಳು.

ಆಮೇಲೆ ಬೇರೊಂದು ಊರಿನಿಂದ, ಆಗಷ್ಟೇ ಕೆಲಸಕ್ಕೆ ಸೇರಿದ ಥೆರಪಿಸ್ಟ್ ಹುಡುಗಿಯ ಪತ್ರ ಬಂತು. 'ಅಕ್ಕಾ, ನಿಮ್ಮ ವಿಧಾನದಲ್ಲೇ ಒಬ್ಬ ಅಜ್ಜಿಗೆ ಐದು ವಾರದಿಂದ ಕಲಿಸುತ್ತಿದ್ದೇನೆ. ಗೆರೆ ಇಳಿಯುತ್ತಿಲ್ಲ. ನಿಮ್ಮ ಲೇಖನ ತೋರಿಸಿ ಹುರಿದುಂಬಿಸಿದೆ. ಅಜ್ಜಿ ಈಗ ತಾನೇ ಸೋಮಾರಿ ಎಂದು ಅಳುತ್ತಾರೆ. ನನ್ನ ಕೈಯಲ್ಲೇ ಏನೋ ದೋಷವಿರಬೇಕು. ಎಲ್ಲಿ ತಪ್ಪುತ್ತಿದ್ದೇನೆ, ತಿಳಿಸಿ.'

ಅದೇ ದಿನ ಅವಳು ಸಂಪಾದಕರಿಗೆ ಕಾಗದ ಬರೆದಿದ್ದಳು. ಲೇಖನ ತಿದ್ದಬೇಕೆಂದರೆ ಲೇಖಕರು ಸಹಿ ಹಾಕಿ ಅಂಚೆಯಲ್ಲೇ ಕಳಿಸಬೇಕೆಂಬುದು ಆ ಪತ್ರಿಕೆಯ ನಿಯಮ. ಸಹಿ ಹಾಕಿದಳು, ಲಕೋಟೆ ಅಂಟಿಸಿದಳು, ಸ್ಟಾಂಪೂ ಹಚ್ಚಿದಳು. ಆಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದನ್ನು ಕೈಚೀಲದಲ್ಲಿಟ್ಟುಕೊಂಡೇ ತಿರುಗಿದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಸಂಜೆ ಮನೆಯಲ್ಲಿ ಚಿಕ್ಕಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹುಡುಗಿಯ ಮುಖ ನೋಡಿ ಕೈ ನಿಲ್ಲಿಸಿದಳು.

"ಏನೇ, ಯಾರು ಏನಂದ್ರು?"

"ಯಾರೂ ಏನೂ ಅನ್ನಲಿಲ್ಲ. ನಾನೇನು ತಪ್ಪು ಮಾಡಿದ್ದೀನಿ ಅನ್ನೋಕೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಕಳ್ಳ ಅಂತಾನೂ ಅನ್ನಲಿಲ್ಲ, ಆಗಲೇ ಮುಟ್ಟಿ ನೋಡ್ಕೊಂಡ್ಯಲ್ಲ!"

ಅವಳು ಬಟ್ಟೆ ರಾಶಿಯ ಪಕ್ಕ ಕುಸಿದು ಕೂತು ಎಲ್ಲ ಹೇಳಿದಳು. ಕಂಬದ ಮರೆ, ತೊಂಬತ್ತೆರಡು, ಅಜ್ಜಿಯ ಅಳು, ಇವತ್ತು ಅವನು ಕೇಳಿದ ಕ್ಷಮೆ. ಚಿಕ್ಕಮ್ಮ ಒಂದು ಅಂಗಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಿಸಿದಳು.

"ಪತ್ರಿಕೆ ಗಿತ್ರಿಕೆ ನನಗೆ ತಿಳಿಯಲ್ಲ ಕಣೇ. ನಿನ್ನ ಪಾಲಿನ ತಪ್ಪನ್ನೂ ಆ ಮನುಷ್ಯನ ತಲೆ ಮೇಲೆ ಹೊರಿಸಿ ಕಳಿಸಿದ್ಯಲ್ಲ, ಅದು ತಿಳಿಯತ್ತೆ. ಅವನ ಕೈ ಸರಿ ಮಾಡಿದೋಳು ನೀನು. ತಲೆ ಮೇಲೆ ಭಾರ ಯಾಕೆ ಇಟ್ಟೆ?" ಎಂದಳು. ಅಂಗಿಯನ್ನು ರಾಶಿಗೆ ಸೇರಿಸುತ್ತ, "ಅಷ್ಟು ಇಷ್ಟ ಇದ್ರೆ ಬೋರ್ಡಿನ ಮೇಲೆ ನಲವತ್ತು ಅಳಿಸಿ ಇಪ್ಪತ್ತು ಅಂತ ಬರೀಬೇಕಿತ್ತು, ಪೆದ್ದಿ" ಎಂದಳು.

ಅವಳು ಅಳುತ್ತಲೇ ನಕ್ಕಳು.

ಮರುದಿನ ಅವಳು ಮೊದಲು ಗೋಡೆಯ ಚೌಕಟ್ಟನ್ನು ಕೆಳಗಿಳಿಸಿದಳು. ಅದನ್ನು ಎತ್ತಿಕೊಂಡು ದೊಡ್ಡ ಮೇಡಂ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದಳು. ದೊಡ್ಡ ಮೇಡಂ ಬಹಳ ಹೊತ್ತು ಕನ್ನಡಕ ಒರೆಸಿದರು.

"ಹೊಸ ವಿಭಾಗ ಬೇರೆಯವರಿಗೆ ಹೋಗತ್ತೆ. ನೀನು ಇಲ್ಲೇ ಉಳೀತೀಯೋ ಇಲ್ವೋ, ಅದೂ ನನ್ನ ಕೈಲಿಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ."

"ಕಾಗದ ಎಲ್ಲಿ?"

"ಇವತ್ತು ಹಾಕ್ತೀನಿ. ಅದಕ್ಕೂ ಮುಂಚೆ ಒಬ್ಬರಿಗೆ ಓದಿ ಹೇಳಬೇಕು."

ಮಧ್ಯಾಹ್ನದ ಬಿಸಿಲಲ್ಲಿ ಅವಳು ಆರು ತಿಂಗಳ ಮೇಲೆ ಆ ಬೀದಿಗೆ ಕಾಲಿಟ್ಟಳು. ಅಂಗಡಿಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವನು ಥಟ್ಟನೆ ಎದ್ದ. ಮೊಣಕೈ ತಾಗಿ ಒಂದು ಡಬ್ಬಿ ಉರುಳಿತು.

"ಬನ್ನಿ ಮೇಡಂ. ಇಲ್ಲಿ ಯಾವಾಗ ಬಂದ್ರೂ ಯಾವುದೋ ಒಂದು ಗಡಿಯಾರದ ಪ್ರಕಾರ ಸರಿಯಾದ ಹೊತ್ತಿಗೇ ಬಂದಿರ್ತೀರಿ."

ತಮಾಷೆ ಮಾಡಿದನೇ ಹೊರತು ಅವನ ಕಣ್ಣು ಕೆಂಪಾಗಿತ್ತು. ಅವಳು ಕೂರಲಿಲ್ಲ.

"ನನಗೆ ಗೊತ್ತಿತ್ತು."

"ಏನು?"

"ನೀವು ಬೇಕಂತ ನಿಧಾನ ಮಾಡ್ತಿದ್ದೀರಿ ಅಂತ. ನಾಲ್ಕನೇ ವಾರ, ಗುರುವಾರ. ಆ ಔಷಧದ ಅಂಗಡಿ ಕಂಬ ಇದೆಯಲ್ಲ, ಅದರ ಹಿಂದೆ ನಿಂತು ನೋಡಿದೆ. ತಿರುಪು ಕೂರಿಸ್ತಿದ್ರಿ. ಮಾರನೇ ದಿನ ತೊಂಬತ್ತೆರಡು ಅಂತ ಬರ್ಕೊಂಡೆ. ಗೊತ್ತಿದ್ದೂ ಬರ್ಕೊಂಡೆ. ಗೊತ್ತಿದ್ದೂ ಅಚ್ಚು ಹಾಕಿಸಿದೆ. ನಿನ್ನೆ ನೀವು ಕ್ಷಮೆ ಕೇಳಿದಾಗಲೂ ಗೊತ್ತಿತ್ತು."

ಅವನು ನಿಧಾನವಾಗಿ ಕೂತ. ಭೂತಗನ್ನಡಿ ಕಣ್ಣಿಗೇರಿಸಿಕೊಂಡು ಮುಂದಿದ್ದ ಗಡಿಯಾರದೊಳಗೆ ತಲೆ ಹುದುಗಿಸಿದ. ಅವಳು ನಿಂತೇ ಇದ್ದಳು. ಗೋಡೆಯ ತುಂಬ ಟಿಕ್‌ಟಿಕ್.

"ನಿನ್ನೆಯಿಂದ ನನಗೆ ಅನ್ನ ಸೇರಿಲ್ಲ" ಎಂದ ಕೊನೆಗೆ, ತಲೆ ಎತ್ತದೆ. "ನಿಮ್ಮ ಜೀವಮಾನದ ಕೆಲಸ ಹಾಳು ಮಾಡಿದೆ ಅಂತ. ನೀವು ಸುಮ್ನೆ ಕೇಳಿಸ್ಕೊಂಡು ಕೂತಿದ್ರಿ."

"ಹೌದು."

"ನೋವಾಯ್ತು ಮೇಡಂ."

"ಹೌದು. ಅದಕ್ಕೇ ಬಂದೆ. ಕ್ಷಮಿಸಿ ಅಂತ ಕೇಳೋ ಮುಖ ಇಲ್ಲ ನನಗೆ. ಹೇಳಬೇಕಿತ್ತು, ಹೇಳಿದೆ."

ಅವಳು ಹೊರಡಲು ತಿರುಗಿದಳು.

"ಯಾಕೆ ಬರ್ಕೊಂಡ್ರಿ ತೊಂಬತ್ತೆರಡು ಅಂತ?"

ನಿನ್ನೆ ಅವಳು ಕೇಳಿದ್ದ ಪ್ರಶ್ನೆಯೇ. ಅವನಿಗೂ ಉತ್ತರ ಗೊತ್ತಿತ್ತು, ಅವನೂ ಕೇಳಿಸಿಕೊಳ್ಳಬೇಕೆಂದೇ ಕೇಳಿದ್ದ. ಅವಳ ಕಿವಿ ಬಿಸಿಯಾಯಿತು.

"ಬಿಡುಗಡೆ ನನಗೂ ಬೇಕಿರಲಿಲ್ಲ."

ಭೂತಗನ್ನಡಿ ಮೇಜಿನ ಮೇಲೆ ಬಂತು. ಅವನ ಕಣ್ಣಿನ ಕೆಳಗೆ ಆ ಸುತ್ತು ಗೆರೆ ಇತ್ತು. ನಗು ಇನ್ನೂ ಬಂದಿರಲಿಲ್ಲ, ಬರುವ ದಾರಿಯಲ್ಲಿತ್ತು.

"ಕೂತ್ಕೊಳ್ಳಿ" ಎಂದ. "ಕೈಲಿರೋದು ಏನು?"

ಅವಳು ಲಕೋಟೆ ಒಡೆದು ಕಾಗದ ಕೊಟ್ಟಳು. ಅವನು ಓದಿದ. ಎರಡನೆಯ ಸಾಲಿಗೆ ಬಂದು ಬೆರಳಿಟ್ಟ.

"'ಅಳತೆಯಲ್ಲಿ ಆದ ದೋಷದಿಂದ'... ಇದೇನಿದು? ನಿಮ್ಮ ವಾಚು ಎರಡು ಸಲ ನಾನೇ ಬಿಚ್ಚಿ ನೋಡಿದ್ದೀನಿ. ಒಂದು ಸೆಕೆಂಡೂ ಆಚೀಚೆ ಇಲ್ಲ. ಪಾಪ, ಬಾಯಿಲ್ಲದ ವಾಚಿನ ಮೇಲೆ ಯಾಕೆ ಹೊರಿಸ್ತೀರಿ?"

ಅವಳು ತಲೆ ತಗ್ಗಿಸಿದಳು. ಇಷ್ಟು ದಿನ ಕಾಗದ ಚೀಲದಿಂದ ಹೊರಬರದಿದ್ದದ್ದು ಯಾಕೆಂದು ಆಗ ಗೊತ್ತಾಯಿತು. ಅದರಲ್ಲೂ ಒಂದು ಸುಳ್ಳು ಕೂತಿತ್ತು.

ಅವನು ಬೆಂಚಿನ ಮೇಲಿನ ಬಿಳಿ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟ. ಅವಳು ಹೊಸ ಹಾಳೆ ತೆಗೆದು ಬರೆದಳು. ಬರೆದು ಓದಿದಳು:

"'ಮೊದಲ ಆರು ವಾರಗಳ ಅಳತೆ ನಿಜವಲ್ಲ. ರೋಗಿಯ ಕೈ ಅಷ್ಟರಲ್ಲೇ ಚುರುಕಾಗಿತ್ತು. ನಾಲ್ಕನೆಯ ವಾರದಿಂದ ಇದು ಚಿಕಿತ್ಸಕಿಗೆ ತಿಳಿದಿತ್ತು. ಆಕೆಗೆ ರೋಗಿಯ ಮೇಲೆ ಒಲವಿತ್ತು. ಅವರು ಬರುವುದು ನಿಲ್ಲಬಾರದೆಂದು ಸುಮ್ಮನಿದ್ದಳು. ಗಡಿಯಾರದಲ್ಲಿ ಯಾವ ದೋಷವೂ ಇರಲಿಲ್ಲ. ದಯವಿಟ್ಟು ಲೇಖನವನ್ನು ಹಿಂದೆ ಪಡೆಯಿರಿ.'"

"ಒಲವಿತ್ತು ಅಂತ ಬರೆದಿದ್ದೀರಿ. ಈಗ ಇಲ್ವಾ?"

"ಸಂಪಾದಕರಿಗೆ ಅಷ್ಟು ಸಾಕು. ಉಳಿದದ್ದು ಅವರ ಪತ್ರಿಕೆಗೆ ಸಂಬಂಧಪಟ್ಟಿದ್ದಲ್ಲ."

ಈಗ ನಗು ಪೂರ್ತಿ ಬಂತು. ಅವಳು ಕದಿಯದೆ, ಎದುರಿಗೇ ನೋಡಿದಳು.

ಅವನು ಪೆನ್ನು ಕೇಳಿದ. "ರೋಗಿ ಅಂತ ನನ್ನ ಹೆಸರೂ ಇರಲಿ. ಆ ಆರು ವಾರ ಇಬ್ಬರೂ ಸೇರಿ ಮಾಡಿದ್ದು" ಎಂದು ಅವಳ ಸಹಿಯ ಕೆಳಗೆ ಬಲಗೈಯಲ್ಲಿ ಸಹಿ ಹಾಕಿದ. ಅಕ್ಷರ ಎಲ್ಲೂ ನಡುಗಲಿಲ್ಲ. ಆ ಕೈಯನ್ನು ಗುಣಪಡಿಸಿದ್ದಂತೂ ಸುಳ್ಳಲ್ಲ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ. ಆಮೇಲೆ ಅಜ್ಜಿಯ ನೆನಪಾಯಿತು.

ಅಲ್ಲಿಂದಲೇ ಆ ಊರಿನ ಹುಡುಗಿಗೆ ಫೋನು ಹಚ್ಚಿದಳು. "ನಿನ್ನ ಕೈಯಲ್ಲಿ ದೋಷ ಇಲ್ಲಮ್ಮ. ಅಜ್ಜಿಯಲ್ಲೂ ಇಲ್ಲ. ನನ್ನ ಲೇಖನವೇ ಸುಳ್ಳು. ತಿಂಗಳುಗಟ್ಟಲೆ ಸುಮ್ಮನಿದ್ದೆ, ಅದು ಇನ್ನೂ ದೊಡ್ಡ ತಪ್ಪು."

"ಅಜ್ಜಿಗೆ ಈಗಲೇ ಹೋಗಿ ಹೇಳ್ತೀನಿ" ಎಂದಷ್ಟೇ ಹೇಳಿ ಹುಡುಗಿ ಫೋನಿಟ್ಟಳು. ಪರವಾಗಿಲ್ಲ ಅಕ್ಕಾ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಹೊಸ ಕಾಗದವನ್ನು ಅದೇ ಲಕೋಟೆಗೆ ಹಾಕಿ, ಅಂಗಡಿಯ ಅಂಟಿನಿಂದ ಮತ್ತೆ ಮುಚ್ಚಿದಳು. ಅಂಚೆ ಡಬ್ಬಿ ಬೀದಿಯ ಕೊನೆಯಲ್ಲಿತ್ತು. ಅವನು ಅಂಗಡಿಯ ಬಾಗಿಲೆಳೆದು ಜೊತೆಗೆ ಬಂದ. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು. ಔಷಧದ ಅಂಗಡಿಯ ಕಂಬ ದಾಟುವಷ್ಟರಲ್ಲಿ ಅದು ಗೇಣಾಯಿತು.

ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು ಅವಳು ನಿಂತಳು. ಅವನು ಸಹಾಯಕ್ಕೆ ಕೈ ಚಾಚಲಿಲ್ಲ. ತನ್ನಿಂದಾಗುವ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದೆಂದು ಅವಳೇ ಐದು ತಿಂಗಳು ಅವನಿಗೆ ಪಾಠ ಹೇಳಿದ್ದಳು.

ಕೈ ಬಿಟ್ಟಳು. ಒಳಗೆ ಕಾಗದ ತಳ ಮುಟ್ಟಿದ ಸದ್ದು ಕೇಳಿಸಿತು.

"ಎಷ್ಟಾಯ್ತು?" ಅವನು ಮೆಲ್ಲಗೆ ಕೇಳಿದ.

"ನಾಲ್ಕು ತಿಂಗಳು, ಹನ್ನೊಂದು ದಿನ."

"ಅಷ್ಟೇ ಬರ್ಕೊಳ್ಳಿ" ಎಂದ ಅವನು. "ಒಂದು ದಿನವೂ ಕಮ್ಮಿ ಮಾಡಬೇಡಿ."